ವಕೀಲಿ ಬಿಟ್ಟವನ ಮೇಲಿನ ಅನುಮಾನಗಳು

ನಡುವಯಸ್ಸಿನಲ್ಲಿ ಕಸುಬು ಬದಲಿಸಿದವನನ್ನು ಜನ ಕಾರಣ ಕೇಳುತ್ತಾರೆ; ಇದ್ದ ಕಾರಣ ಹೇಳಿದರೆ ನಂಬುವುದಿಲ್ಲ. ನನ್ನ ವಿಷಯದಲ್ಲಿ ಇದು ಒಂದು ಸಲ ನಡೆದು ಮುಗಿಯಲಿಲ್ಲ, ಆರು ತಿಂಗಳು ನಡೆಯುತ್ತಲೇ ಇತ್ತು. ನಂಬದವರೆಲ್ಲ ಒಳ್ಳೆಯವರೇ ಆದ್ದರಿಂದ ಹೆಸರುಗಳನ್ನು ಬರೆಯುವುದಿಲ್ಲ.

ಎಪ್ಪತ್ತರ ದಶಕ ಮುಗಿದು ಎಂಬತ್ತರದು ಶುರುವಾದ ಕಾಲ. ಅಲ್ಲಿಯವರೆಗೆ ಹದಿನಾಲ್ಕು ವರ್ಷ ನಾನು ಕಾರ್ಮಿಕರ ಮೊಕದ್ದಮೆಗಳಲ್ಲಿ ಮ್ಯಾನೇಜ್‌ಮೆಂಟ್ ಕಡೆಯ ವಕೀಲನಾಗಿದ್ದೆ. ಕಾರ್ಖಾನೆಯಲ್ಲಿ ಏನೋ ಒಂದು ಕೆಟ್ಟು, ಆಮೇಲೆ ಮಾತು ಕೆಟ್ಟು, ಕೊನೆಗೆ ಯಾರದೋ ಕೆಲಸ ಹೋದ ಮೇಲೆ ಫೈಲು ನನ್ನ ಮೇಜಿಗೆ ಬರುತ್ತಿತ್ತು. ಓದಿದಾಗಲೆಲ್ಲ, ಇದು ಮೊದಲನೇ ವಾರದಲ್ಲೇ ಸರಿಹೋಗಬಹುದಾಗಿತ್ತಲ್ಲ ಅನ್ನಿಸುತ್ತಿತ್ತು. ಹಾಗಾದರೆ ಮೊದಲನೇ ವಾರದಲ್ಲೇ ಅಲ್ಲಿ ಇರುವ ಕೆಲಸ ಹುಡುಕಬೇಕು ಎಂದುಕೊಂಡೆ. ಸಂಜೆ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡಿದೆ. ವಕೀಲಿ ಸನ್ನದನ್ನು ಸದ್ಯಕ್ಕೆ ತಡೆಹಿಡಿಯಿರಿ ಎಂದು ಬರೆದುಕೊಟ್ಟೆ.

ಪೀಣ್ಯದಲ್ಲಿ ರೈತರ ಪಂಪ್‌ಸೆಟ್ಟುಗಳಿಗೆ ಸ್ಟಾರ್ಟರ್ ಮಾಡುವ ಒಂದು ಕಾರ್ಖಾನೆಯವರು ಆರು ತಿಂಗಳ ಮಟ್ಟಿಗೆ ನನ್ನನ್ನು ಕನ್ಸಲ್ಟೆಂಟ್ ಎಂದು ಇಟ್ಟುಕೊಂಡರು. ಕೆಲಸ ಎಲ್ಲೆಲ್ಲಿ ನಿಧಾನವಾಗುತ್ತಿದೆ, ಏಕೆ ಎಂದು ನೋಡಿ ವರದಿ ಕೊಡಬೇಕು. ವರದಿ ಹಿಡಿಸಿದರೆ ಇನ್ನೊಂದು ವರ್ಷ. ಹಿಡಿಸದಿದ್ದರೆ ಮತ್ತೆ ಕರಿಕೋಟು ಹಾಕಿಕೊಂಡು, ನನಗೆ ಹಾರ ಹಾಕಿ ಬೀಳ್ಕೊಟ್ಟ ವಕೀಲರ ಬಾರ್ ರೂಮಿಗೇ ಹೋಗಿ ಕೂರಬೇಕು. ನನಗೆ ಬೇರೆ ಗಿರಾಕಿ ಇರಲಿಲ್ಲ. ಇದು ಗೊತ್ತಿದ್ದವರು ಇಬ್ಬರೇ, ನಾನು ಮತ್ತು ನನ್ನ ಹೆಂಡತಿ. ಅವಳು ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲವಾದ್ದರಿಂದ ನನಗೆ ಭಯ ಜಾಸ್ತಿಯಾಗಿತ್ತು.

೧. ಮಾವನವರ ತನಿಖೆ

ನನ್ನ ಮಾವನವರು ಸರ್ಕಾರಿ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ದುಡಿದು ರಿಟೈರಾಗಿ ಚಿಕ್ಕಬಾಣಾವರದಲ್ಲಿ ಮನೆ ಕಟ್ಟಿಕೊಂಡಿದ್ದರು. ಸುದ್ದಿ ತಿಳಿದ ವಾರ ಬೆಳಗಿನ ರೈಲಿಗೇ ಬಂದರು. ಕೈಯಲ್ಲಿ ಒಂದು ಚೀಲ ಹುರುಳಿಕಾಯಿ. ಅದನ್ನು ಮಗಳ ಕೈಗೆ ಕೊಟ್ಟು, ಶರ್ಟಿನ ತೋಳು ಮಡಿಸಿ, ನನ್ನ ಎದುರಿಗೆ ಕೂತರು.

"ಅದೇನೋ ಕನ್ಸಲ್ಟೆಂಟ್ ಅಂತಲ್ಲ, ಅದರಲ್ಲಿ ನೀವು ಏನು ಮಾಡ್ತೀರಿ?"

"ಫ್ಯಾಕ್ಟ್ರಿ ಇನ್ನೂ ಚೆನ್ನಾಗಿ ನಡೆಸೋದು ಹೇಗೆ ಅಂತ ಕೇಳ್ತಾರೆ. ನೋಡಿ ಹೇಳ್ತೀನಿ."

"ಕೇಳೋರು ಯಾರು?"

"ಫ್ಯಾಕ್ಟ್ರಿ ನಡೆಸ್ತಿರೋರು."

"ನೀವು ಯಾವುದಾದರೂ ಫ್ಯಾಕ್ಟ್ರಿ ನಡೆಸಿದ್ರಾ?"

"ಇಲ್ಲ ಮಾವ."

"ಅಂದ್ರೆ, ನಡೆಸ್ತಿರೋರು ಕೇಳ್ತಾರೆ, ನಡೆಸದೇ ಇದ್ದೋರು ಹೇಳ್ತಾರೆ."

ನಾನು ಹೌದು ಎಂದೆ. ಅವರು ಊಟ ಮುಗಿಸಿ, ಯಾರನ್ನೋ ನೋಡಬೇಕು ಎಂದು ಹೇಳಿ ಹೊರಟರು. ಆ ಯಾರೋ ಎಂದರೆ ಕೋರ್ಟಿನ ಹತ್ತಿರದ ಒಬ್ಬ ಹಳೆಯ ಗುಮಾಸ್ತ ಎಂಬುದು ಮುಂದಿನ ಭಾನುವಾರ ತಿಳಿಯಿತು. ಅಳಿಯ ಯಾವ ತಪ್ಪಿಗೆ ವಕೀಲಿ ಬಿಡಬೇಕಾಯಿತು ಎಂದು ಮಾವನವರು ಅವನ ಮೂಲಕ ಒಂದು ವಾರ ತನಿಖೆ ಮಾಡಿಸಿದ್ದರು. ಕಕ್ಷಿದಾರರ ದುಡ್ಡು ಮುಟ್ಟಿದ್ದೇನೆಯೇ, ಎದುರು ಪಾರ್ಟಿಯ ಜೊತೆ ಸೇರಿದ್ದೇನೆಯೇ, ನ್ಯಾಯಾಧೀಶರನ್ನು ಬೈದಿದ್ದೇನೆಯೇ, ಎಲ್ಲವನ್ನೂ ಕೇಳಿಸಿದ್ದರು.

ಭಾನುವಾರ ಕಾಫಿ ಕುಡಿಯುತ್ತಾ ಅವರೇ ಹೇಳಿದರು: "ನಿಮ್ಮ ಮೇಲೆ ಏನೂ ಇಲ್ಲವಂತೆ."

"ಇಲ್ಲವಲ್ಲ ಮಾವ."

"ಒಂದು ಕಂಪ್ಲೇಂಟೂ ಇಲ್ಲವಂತೆ. ಎಲ್ಲರೂ ಒಳ್ಳೆಯವರು ಅಂದರಂತೆ."

"ಹಾಗಾದರೆ ಸಮಾಧಾನ ಆಯಿತಲ್ಲ?"

ಅವರು ಲೋಟ ಕೆಳಗಿಟ್ಟು ಮಗಳ ಕಡೆ ತಿರುಗಿದರು. "ಹೋದ ವಾರ ಬರೀ ಅನುಮಾನ ಇತ್ತು ಕಣಮ್ಮ. ಈಗ ಹೆದರಿಕೆ ಆಗ್ತಿದೆ."

೨. ಎಷ್ಟು ಎಂದು ಕೇಳಬಾರದು

ಕಾರ್ಖಾನೆಯ ಮಾಲೀಕರು ಅರವತ್ತರ ಹತ್ತಿರದ ತೆಳ್ಳಗಿನ ಮನುಷ್ಯ. ಬಾಡಿಗೆ ಷೆಡ್ಡಿನಲ್ಲಿ ಒಂದು ಲೇತ್ ಇಟ್ಟುಕೊಂಡು ಶುರು ಮಾಡಿ, ನೂರು ಜನ ಕೆಲಸ ಮಾಡುವಷ್ಟು ಬೆಳೆಸಿದ್ದರು. ಇಷ್ಟಕ್ಕೆಲ್ಲ ಕಾರಣ ಯಾರನ್ನೂ ನಂಬದೇ ಇದ್ದದ್ದು ಎಂದು ಅವರ ನಂಬಿಕೆ. ಅದೊಂದನ್ನು ಮಾತ್ರ ನಂಬಿದ್ದರು. ಬೀಗದಕೈ ಗೊಂಚಲು ಸದಾ ಸೊಂಟದಲ್ಲಿ ಇರುತ್ತಿತ್ತು. ಅವರು ನಡೆದುಬರುವುದು ಮೂರು ಷೆಡ್ಡು ಆಚೆಯಿಂದಲೇ ಕೇಳಿಸುತ್ತಿತ್ತು. ಇದರಿಂದ ಕಾರ್ಮಿಕರಿಗೆ ಬಹಳ ಅನುಕೂಲವಾಗಿತ್ತು.

ಮೊದಲನೇ ದಿನ ಅವರ ಕೋಣೆಗೆ ಹೋದೆ. ನಾನು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಅವರು ಮೇಜಿನ ಮೇಲಿದ್ದ ಕಾಗದಗಳನ್ನೆಲ್ಲ ಬೋರಲು ಹಾಕಿದರು.

"ಕೇಳಿ ಲಾಯರ್ರೇ, ಏನು ಬೇಕೋ ಕೇಳಿ. ಇಲ್ಲಿ ಮುಚ್ಚುಮರೆ ಇಲ್ಲ."

"ದಿನಕ್ಕೆ ಎಷ್ಟು ಸ್ಟಾರ್ಟರ್ ಆಗುತ್ತೆ ಸಾರ್?"

"ಯಾಕೆ?"

"ಗೊತ್ತಾದರೆ ಜಾಸ್ತಿ ಮಾಡೋದು ಹೇಗೆ ಅಂತ ನೋಡಬಹುದು."

"ಜಾಸ್ತಿ ಆದಮೇಲೆ ಹೇಳ್ತೀನಿ."

ನಾನು ಸುಮ್ಮನಿದ್ದೆ. ವಕೀಲನಿಗೆ ಸುಮ್ಮನಿರುವ ಅಭ್ಯಾಸ ಇರುತ್ತದೆ. ಅವರಿಗೆ ಅದನ್ನು ಸಹಿಸಲಾಗಲಿಲ್ಲ.

"ನೀವು ಎಷ್ಟು ಅಂದ್ಕೊಂಡಿದ್ದೀರಿ?" ಎಂದರು.

"ಎಂಬತ್ತು ಇರಬಹುದು."

ಅವರು ಎದ್ದುಹೋಗಿ ಬಾಗಿಲು ಹಾಕಿ ಬಂದರು. "ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ವರಾಂಡದಲ್ಲಿ ನಿನ್ನೆ ತಾರೀಖು ಬರೆದ ಪೆಟ್ಟಿಗೆ ಜೋಡಿಸಿದ್ದಾರಲ್ಲ, ಬರುವಾಗ ಎಣಿಸಿದೆ."

"ಒಳಗೆ ಕಾಲಿಡೋಕೆ ಮೊದಲೇ ಎಣಿಸೋಕೆ ಶುರು ಮಾಡಿದ್ರಾ?"

"ಅದಕ್ಕೇ ಅಲ್ಲವೇ ಸಾರ್ ನನ್ನನ್ನ ಕರೆಸಿದ್ದು?"

ಅವರು ಬಾಗಿಲು ತೆಗೆದು, ಸರಿ, ನಾಳೆಯಿಂದ ಬನ್ನಿ ಎಂದರು. ಮರುದಿನ ಬಂದಾಗ ವರಾಂಡದ ಪೆಟ್ಟಿಗೆಗಳ ಮೇಲೆ ದಪ್ಪನೆಯ ಟಾರ್ಪಾಲು ಹೊದಿಸಿ ನಾಲ್ಕೂ ಮೂಲೆಗೆ ಇಟ್ಟಿಗೆ ಇಟ್ಟಿದ್ದರು. ಮಳೆಗಾಲ ಇನ್ನೂ ಮೂರು ತಿಂಗಳು ದೂರವಿತ್ತು.

೩. ವಿಚಾರಿಸಲು ಹೋದದ್ದು

ಮಾಲೀಕರು ಹೇಳದಿದ್ದರೆ ಬೇಡ, ಕೆಲಸ ಮಾಡುವವರನ್ನೇ ಕೇಳೋಣ ಎಂದು ಡ್ರಿಲ್ಲಿಂಗ್ ಮೆಷಿನ್ನಿನ ಹತ್ತಿರ ಹೋದೆ. ಸುಮಾರು ಮೂವತ್ತು ವರ್ಷದವನೊಬ್ಬ ಸ್ಟಾರ್ಟರ್ ಪೆಟ್ಟಿಗೆಗಳಿಗೆ ತೂತು ಕೊರೆಯುತ್ತಿದ್ದ. ನಯವಾಗಿ ಹೇಳಿದೆ: "ನಿಮ್ಮ ಹತ್ತಿರ ಸ್ವಲ್ಪ ವಿಚಾರಿಸೋಣ ಅಂತ ಬಂದೆ."

ಅವನು ಮೆಷಿನ್ ನಿಲ್ಲಿಸಿದ. ಕೈ ತೊಳೆದುಕೊಂಡ. ಮೊಳೆಗೆ ನೇತುಹಾಕಿದ್ದ ಶರ್ಟು ತೆಗೆದು ಹಾಕಿಕೊಂಡು ಮೇಲಿನ ಗುಂಡಿಯವರೆಗೂ ಹಾಕಿದ. ಆಮೇಲೆ ಕೈಕಟ್ಟಿ ನಿಂತು ಕೇಳಿದ: "ನನ್ನ ಮೇಲೆ ಏನು ಆರೋಪ ಸಾರ್?"

ನನಗೆ ಆಗ ಹೊಳೆಯಿತು. ಕಾರ್ಖಾನೆಯಲ್ಲಿ ವಿಚಾರಣೆ ಎಂದರೆ ಒಂದೇ ಅರ್ಥ. ಒಬ್ಬನನ್ನು ಕೆಲಸದಿಂದ ತೆಗೆಯುವ ಮುಂಚೆ ಆರೋಪಪಟ್ಟಿ ಕೊಟ್ಟು, ಒಂದು ಕೋಣೆಯಲ್ಲಿ ಕೂರಿಸಿ ನಡೆಸುವುದು. ಅದನ್ನು ನಡೆಸಲು ಹೊರಗಿನಿಂದ ವಕೀಲರನ್ನು ಕರೆಸುತ್ತಾರೆ. ಹದಿನಾಲ್ಕು ವರ್ಷದಲ್ಲಿ ನಾನೇ ಎಷ್ಟೋ ನಡೆಸಿದ್ದೆ.

ಅಷ್ಟರಲ್ಲಿ ಯೂನಿಯನ್ ಕಾರ್ಯದರ್ಶಿ ಬಂದರು. ಅಲ್ಲೇ ಫಿಟ್ಟರಾಗಿದ್ದವರು, ದಪ್ಪ ಕನ್ನಡಕ, ಮೆಲುದನಿ. "ಸಾರ್, ನಿಮ್ಮ ಗುರುತಿದೆ. ನಮ್ಮ ತಮ್ಮ ಕೆಲಸ ಮಾಡ್ತಿದ್ದ ಕಡೆ ಒಂದು ವಿಚಾರಣೆ ನಡೆಸಿದ್ರಿ. ಚೆನ್ನಾಗೇ ನಡೆಸಿದ್ರಿ."

"ನಿಮ್ಮ ತಮ್ಮ ಈಗ?"

"ಮಾಗಡಿ ರೋಡಲ್ಲಿ ಎಳನೀರು ಮಾರ್ತಾನೆ ಸಾರ್."

ನಾನು ಈಗ ವಕೀಲನಲ್ಲ, ಕನ್ಸಲ್ಟೆಂಟ್ ಎಂದು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಅದು ನಿಮ್ಮಿಷ್ಟ ಸಾರ್. ಆದ್ರೆ ವಿಚಾರಣೆ ಅಂದಮೇಲೆ ಸಹಾಯಕ್ಕೆ ಒಬ್ಬ ಸಹಕಾರ್ಮಿಕ ಪಕ್ಕದಲ್ಲಿ ಇರಬೇಕು. ನಿಯಮ ನಿಮಗೇ ಚೆನ್ನಾಗಿ ಗೊತ್ತು" ಎಂದರು.

ಅಂದಿನಿಂದ ಎರಡು ವಾರ, ನಾನು ಯಾರನ್ನು ಏನು ಕೇಳಿದರೂ ಪಕ್ಕದ ಮೆಷಿನ್ ನಿಲ್ಲಿಸಿ ಇನ್ನೊಬ್ಬ ಬಂದು ನಿಲ್ಲುತ್ತಿದ್ದ.

"ಈ ಡ್ರಿಲ್ ಬಿಟ್ ಎಷ್ಟು ದಿನ ಬರುತ್ತೆ?"

ಇಬ್ಬರೂ ಪಿಸುಗುಟ್ಟಿಕೊಳ್ಳುವರು. ನಂತರ ಸಹಕಾರ್ಮಿಕ ಹೇಳುವನು: "ಜ್ಞಾಪಕವಿಲ್ಲ ಅಂತ ಬರ್ಕೊಳಿ ಸಾರ್."

"ಮೊಂಡಾದರೆ ಯಾರು ಸಾಣೆ ಹಿಡೀತಾರೆ?"

ಮತ್ತೆ ಪಿಸುಪಿಸು. "ಆ ಪ್ರಶ್ನೆಗೆ ಆಕ್ಷೇಪಣೆ ಇದೆ ಅಂತ ಬರ್ಕೊಳಿ."

ಬರೆದುಕೊಂಡದ್ದರ ಕೆಳಗೆ ಇಬ್ಬರೂ ಸಹಿ ಮಾಡಿ, ಒಂದು ಕಾಪಿ ಇಸಿದುಕೊಳ್ಳುವರು. ಕೆಲಸ ನಿಧಾನವಾಗುವುದು ಏಕೆಂದು ಪತ್ತೆಮಾಡಲು ಹೋದವನು ಎರಡೆರಡು ಮೆಷಿನ್ ನಿಲ್ಲಿಸಿಕೊಂಡು ತಿರುಗುತ್ತಿದ್ದೆ.

ಪದ ಬದಲಿಸಬೇಕು ಎನಿಸಿತು. ಮೂರನೇ ವಾರ ಕಾರ್ಯದರ್ಶಿಗಳಿಗೆ ಹೇಳಿದೆ: "ವಿಚಾರಣೆ ಬೇಡ. ಬರೀ ಮಾತುಕತೆ."

ಮರುದಿನ ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಮೇಜು ಜೋಡಿಸಿ, ಆ ಕಡೆ ಐದು ಕುರ್ಚಿ, ಈ ಕಡೆ ಒಂದು ಕುರ್ಚಿ ಹಾಕಿದ್ದರು. ನನ್ನ ಮುಂದೆ ಹದಿನೇಳು ಬೇಡಿಕೆಗಳ ಪಟ್ಟಿ ಇಟ್ಟರು. ಮಾತುಕತೆ ಎಂದರೆ ಬೇಡಿಕೆಯ ಮಾತುಕತೆ. ಮೊದಲನೇ ಬೇಡಿಕೆ, ಟೀ ಲೋಟ ದೊಡ್ಡದಾಗಬೇಕು. ನನಗೆ ಒಂದು ಲೋಟ ಬದಲಿಸುವ ಅಧಿಕಾರವೂ ಇಲ್ಲ ಎಂದೆ.

"ಅಧಿಕಾರ ಇಲ್ದೇ ಮಾತುಕತೆಗೆ ಯಾಕೆ ಕರೆದ್ರಿ ಸಾರ್?" ಎಂದು ಕಾರ್ಯದರ್ಶಿ ಕೇಳಿದರು. ಕೋಪದಿಂದಲ್ಲ, ಮರುಕದಿಂದ.

ನಾಲ್ಕನೇ ವಾರ ನಾನು ಯಾವ ಪದವನ್ನೂ ನೆಚ್ಚಿಕೊಳ್ಳಲಿಲ್ಲ. ಹೊಸದಾಗಿ ಹೊಲಿಸಿದ್ದ ಬೂದು ಕೋಟಿನಲ್ಲಿ, ಬರಿಗೈಯಲ್ಲಿ, ನೋಟುಬುಕ್ಕೂ ಇಲ್ಲದೆ, ಡ್ರಿಲ್ಲಿಂಗ್ ಮೆಷಿನ್ ಪಕ್ಕ ನಿಂತೆ. ಏನು ಸಾರ್ ಎಂದು ಕಾರ್ಯದರ್ಶಿ ಬಂದರು. "ಏನೂ ಇಲ್ಲ. ಸುಮ್ಮನೆ ಬಂದೆ."

ಅವರ ಮುಖ ಬಿಳಚಿಕೊಂಡಿತು. ನನ್ನನ್ನು ಬದಿಗೆ ಕರೆದುಕೊಂಡು ಹೋಗಿ, "ಸಾರ್, ಬೇಜಾರು ಮಾಡ್ಕೋಬೇಡಿ. ನೀವು ವಿಚಾರಣೆಗೇ ಬನ್ನಿ" ಎಂದರು.

"ಯಾಕೆ?"

"ವಿಚಾರಣೆಗೆ ಬಂದ್ರೆ ಒಬ್ಬನ ಕೆಲಸ ಹೋಗುತ್ತೆ. ಮಾತುಕತೆಗೆ ಬಂದ್ರೆ ಬೋನಸ್ಸು ಹೋಗುತ್ತೆ. ಕೋಟು ಹಾಕ್ಕೊಂಡೋರು ಸುಮ್ನೆ ಬಂದ್ರೆ ಫ್ಯಾಕ್ಟ್ರೀನೇ ಹೋಗುತ್ತೆ ಸಾರ್."

೪. ಹೆಜ್ಜೆ ಲೆಕ್ಕ

ಮನುಷ್ಯರು ಮಾತಾಡದಿದ್ದರೆ ನೆಲವನ್ನಾದರೂ ನೋಡೋಣ ಎಂದುಕೊಂಡೆ. ತಗಡು, ತಂತಿ, ಬೋಲ್ಟು ಇಡುವ ಸ್ಟೋರ್ಸು ಕಾಂಪೌಂಡಿನ ಒಂದು ಕೊನೆಯಲ್ಲಿ, ತಗಡು ಒತ್ತುವ ಪ್ರೆಸ್ ಷೆಡ್ಡು ಇನ್ನೊಂದು ಕೊನೆಯಲ್ಲಿ. ಒಬ್ಬ ಹೆಲ್ಪರ್ ದಿನಕ್ಕೆ ಎಷ್ಟು ಸಲ ಓಡಾಡುತ್ತಾನೆ, ಎಷ್ಟು ದೂರ ನಡೆಯುತ್ತಾನೆ ಎಂದು ತಿಳಿಯಲು, ಕೈಯಲ್ಲಿ ನೋಟುಬುಕ್ಕು ಹಿಡಿದು ಹೆಜ್ಜೆ ಎಣಿಸುತ್ತಾ ಆ ಕೊನೆಯಿಂದ ಈ ಕೊನೆಗೆ ನಡೆದೆ. ಒಂದು ಸಲ ಲೆಕ್ಕ ತಪ್ಪಿ ಮತ್ತೆ ನಡೆದೆ. ಕಾಂಪೌಂಡಿನ ಬೇಲಿಯ ಪಕ್ಕ ನಿಂತು ನಕ್ಷೆ ಬರೆದುಕೊಂಡೆ.

ಗೇಟಿನ ಕಾವಲಿಗೆ ಇದ್ದ ಮುದುಕಪ್ಪ ಪಕ್ಕದ ಹಳ್ಳಿಯವನು. ಕಾರ್ಖಾನೆಗಳಿಗೆಂದು ಜಮೀನು ತೆಗೆದುಕೊಂಡಾಗ ಅವನ ಎರಡು ಎಕರೆ ರಾಗಿ ಹೊಲ ಹೋಗಿತ್ತು. ಸ್ಟೋರ್ಸು ಇದ್ದದ್ದು ಆ ಹೊಲದಲ್ಲೇ. ಅವನು ನನ್ನನ್ನು ನೋಡುತ್ತಿದ್ದ, ಏನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಹಳ್ಳಿಯ ನಾಲ್ಕು ಜನ ಹಿರಿಯರು ನಿಂತಿದ್ದರು. ಟವೆಲು ಹೆಗಲ ಮೇಲೆ, ಮುಖದಲ್ಲಿ ನಗುವಿಲ್ಲ. ಕಾವಲಿನ ಮುದುಕಪ್ಪ ನನ್ನ ಕಡೆ ಕೈ ತೋರಿಸಿ, "ಇವ್ರೇ" ಎಂದ.

ಅವರಲ್ಲಿ ದೊಡ್ಡವರು ಕೈಮುಗಿದರು. "ಎಷ್ಟು ಎಕರೆ ಬರ್ಕೊಂಡ್ರಿ ಸ್ವಾಮಿ?"

"ಎಕರೆ ಅಲ್ಲ ಯಜಮಾನರೇ. ಹೆಜ್ಜೆ."

"ಈಗ ಎಜ್ಜೆ ಲೆಕ್ಕದಾಗೆ ತಗತೀರಾ?"

"ಜಮೀನು ತಗೊಳ್ಳೋಕೆ ಅಲ್ಲ. ಒಳಗಡೆ ಅಳೆದದ್ದು."

"ಓದ ಸಲಾನೂ ಅಂಗೇ ಅಂದ್ರು. ಒಬ್ರು ಕೋಟಿನೋರು ಬಂದ್ರು, ಇಂಗೇ ನಡುದ್ರು, ಬುಕ್ಕಲ್ಲಿ ಬರುದ್ರು, ಏನೂ ಇಲ್ಲ ಬುಡಿ ಅಂದು ಓದ್ರು. ಆರು ತಿಂಗ್ಳಿಗೆ ನಮ್ಮ ಒಲದಾಗೆ ಬೇಲಿ ಬಂತು."

ಅವರ ಭಯ ನಿಜವಾದದ್ದು. ಆದ್ದರಿಂದ ನಾನೂ ನಿಜವನ್ನೇ ಹೇಳಿದೆ. ಒಳಗೆ ಕೆಲಸ ಮಾಡುವವನು ಸಾಮಾನು ತರಲು ಸುಮ್ಮನೆ ದೂರ ನಡೆಯುತ್ತಾನೆ, ಸಾಮಾನನ್ನು ಹತ್ತಿರ ಇಟ್ಟರೆ ಅವನ ನಡಿಗೆ ಕಮ್ಮಿಯಾಗುತ್ತದೆ, ಅದನ್ನು ನೋಡಿ ಹೇಳುವುದಕ್ಕೆ ನನ್ನನ್ನು ಇಟ್ಟುಕೊಂಡಿದ್ದಾರೆ ಎಂದು.

ದೊಡ್ಡವರು ಪೂರ್ತಿ ಕೇಳಿಸಿಕೊಂಡರು. "ಸಾಮಾನ್ನ ಅತ್ರ ಇಟ್ರೆ ನಡ್ಯಾದು ಕಮ್ಮಿ ಆಯ್ತದೆ."

"ಹೌದು."

"ಇದುನ್ನ ಯೋಳಾಕೆ ನಿಮ್ಗೆ ಸಂಬ್ಳ."

"ಹೌದು."

ಅವರು ಮಿಕ್ಕ ಮೂವರ ಕಡೆ ತಿರುಗಿದರು. "ಒಳ್ಳೆ ಮನೆತನದೋರ ತರ ಕಾಣ್ತಾರೆ. ಸುಳ್ಳು ಯೋಳಾಕೆ ಇನ್ನೂ ಸರಿಯಾಗಿ ಬರಾಕಿಲ್ಲ, ಪಾಪ."

೫. ನಿಜ ಹೇಳಿದವರು

ಆರನೇ ತಿಂಗಳು ಶುರುವಾಗಿತ್ತು. ನನ್ನ ನೋಟುಬುಕ್ಕಿನಲ್ಲಿ ಹೆಜ್ಜೆಗಳ ಸಂಖ್ಯೆ ಮತ್ತು 'ಜ್ಞಾಪಕವಿಲ್ಲ' ಎಂಬ ಹೇಳಿಕೆಗಳು ಬಿಟ್ಟರೆ ಏನೂ ಇರಲಿಲ್ಲ. ಹೆಂಡತಿ ಒಂದು ದಿನ ನನ್ನ ಕರಿಕೋಟನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದಳು. ನುಸಿ ಹಿಡಿಯುತ್ತೆ ಅಂತ, ಎಂದಳು. ನಾನು ಹೂಂ ಎಂದೆ.

ಆ ವಾರವೇ ಯೂನಿಯನ್ ಕಾರ್ಯದರ್ಶಿ, ಷಿಫ್ಟು ಬಿಟ್ಟ ಮೇಲೆ, ಬಸ್ ಸ್ಟಾಪಿನ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋದರು. ಎರಡು ಕಾಫಿ ಹೇಳಿದರು. ಕೇಳದೇ ಹೇಳಲು ಶುರು ಮಾಡಿದರು.

"ಬರ್ಕೊಳಿ ಸಾರ್. ಡ್ರಿಲ್ ಬಿಟ್ಟುಗಳು ಮೊಂಡು. ಸಾಣೆ ಹಿಡಿಯೋಕೆ ಅಂತ ಯಾರನ್ನೂ ಇಟ್ಟಿಲ್ಲ, ಅವರವರೇ ಹಿಡ್ಕೋತಾರೆ, ಒಬ್ಬೊಬ್ಬರದು ಒಂದೊಂದು ಥರ. ಇನ್ನು ಸ್ಟೋರ್ಸಿಂದ ಒಂದು ಬೋಲ್ಟು ಬೇಕಾದ್ರೂ ಚೀಟಿಗೆ ಮಾಲೀಕರೇ ಸಹಿ ಹಾಕ್ಬೇಕು. ಅವರು ಬ್ಯಾಂಕಿಗೆ ಹೋದ್ರೆ ಚೀಟಿ ಹಿಡ್ಕೊಂಡು ಹನ್ನೆರಡು ಜನ ಬಾಗಿಲಲ್ಲಿ ನಿಂತಿರ್ತೀವಿ. ಕೆಲಸ ಮಾಡೋದಿಲ್ಲ ಅಂತ ಅವರು ಬೈತಾರಲ್ಲ, ಆ ಹೊತ್ತು ಎಲ್ಲಾ ಅಲ್ಲಿ ಹೋಗ್ತಿದೆ."

ಅರ್ಧ ಗಂಟೆ ಹೇಳಿದರು. ಎಲ್ಲವೂ ಸ್ಪಷ್ಟ, ಒಂದಕ್ಕೊಂದು ಹೊಂದುವಂತಿತ್ತು. ನಾನು ಒಂದು ಮಾತನ್ನೂ ನಂಬಲಿಲ್ಲ. ಎದುರು ಪಾರ್ಟಿ ತಾನಾಗಿಯೇ ಬಂದು ಕಾಫಿ ಕೊಡಿಸಿ ಹೇಳಿದ್ದನ್ನು ನಂಬುವವನು ವಕೀಲಿಯಲ್ಲಿ ಹದಿನಾಲ್ಕು ದಿನ ಉಳಿಯುವುದಿಲ್ಲ. ಮುಂದಿನ ಎಂಟು ದಿನ ನಾನು ಅವರ ಒಂದೊಂದು ಮಾತನ್ನೂ ಗುಟ್ಟಾಗಿ ಪರೀಕ್ಷಿಸಿದೆ. ಮಾಲೀಕರು ಹೊರಗೆ ಹೋದಾಗ ಬಾಗಿಲಲ್ಲಿ ನಿಂತವರನ್ನು ಕಂಬದ ಮರೆಯಿಂದ ಎಣಿಸಿದೆ. ಹನ್ನೆರಡು ಅಲ್ಲ, ಹದಿಮೂರು. ಕಸದ ಡಬ್ಬಿಯಿಂದ ಡ್ರಿಲ್ ಬಿಟ್ಟುಗಳನ್ನು ಆರಿಸಿ ಕರವಸ್ತ್ರದಲ್ಲಿ ಕಟ್ಟಿ ಮನೆಗೆ ತಂದು ಭೂತಗನ್ನಡಿಯಲ್ಲಿ ನೋಡಿದೆ. ಮೊಂಡೇ.

ಒಂಬತ್ತನೇ ದಿನ ಅದೇ ಹೋಟೆಲಿಗೆ ನಾನೇ ಅವರನ್ನು ಕರೆದುಕೊಂಡು ಹೋದೆ.

"ಎಲ್ಲಾ ನಿಜ ಹೇಳಿದ್ರಿ," ಎಂದೆ.

"ಕಂಬದ ಹಿಂದೆ ನಿಂತಿದ್ರಂತೆ," ಎಂದರು.

"ನಿಜ ಹೇಳಬೇಕು ಅಂತ ಯಾಕೆ ಅನ್ನಿಸ್ತು?"

ಅವರು ಕಾಫಿಯ ಮೇಲಿನ ಕೆನೆಯನ್ನು ಊದಿ ಬದಿಗೆ ಸರಿಸಿದರು. "ನಂಬೋರಿಗೆ ನಿಜ ಹೇಳಿದ್ರೆ ಆಮೇಲೆ ನಮ್ಮ ಮೇಲೆ ಬರುತ್ತೆ ಸಾರ್. ನೀವು ಹೆಂಗಿದ್ರೂ ನಂಬಲ್ಲ ಅಂತ ಗೊತ್ತಿತ್ತು. ಅದಕ್ಕೇ ಧೈರ್ಯವಾಗಿ ಹೇಳ್ದೆ."

೬. ವರದಿ ಮತ್ತು ಉತ್ತರ

ಗಡುವಿನ ಹಿಂದಿನ ದಿನ ವರದಿ ಬರೆಯಲು ಕೂತೆ. ಮಾಲೀಕರಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಅದರ ಮೇಲೆ ಅನುಮಾನವಿತ್ತು. ಕನ್ನಡದಲ್ಲೇ ಕೊಡಿ ಎಂದಿದ್ದರು. ಡಿಪ್ಲೊಮಾದಲ್ಲಿ ವರದಿ ಬರೆಯುವ ಹೊಸ ರೀತಿ ಕಲಿಸಿದ್ದರು. ಚಿಕ್ಕ ವಾಕ್ಯ, ಚಿತ್ರ, ಬಾಣದ ಗುರುತು. ಆದರೆ ಪೆನ್ನು ಹಿಡಿದ ಕೈ ಹಳೆಯದು. ಬೆಳಿಗ್ಗೆಯಿಂದ ಸಂಜೆಯವರೆಗೆ ಬರೆದು ನೋಡಿದರೆ, ಇಪ್ಪತ್ತೆರಡು ಕಂಡಿಕೆಗಳು, ಎಲ್ಲಕ್ಕೂ ನಂಬರು, "ಸದರಿ ಸ್ಟೋರ್ಸು", "ಮೇಲ್ಕಂಡ ಡ್ರಿಲ್ಲಿಂಗ್ ಮೆಷಿನ್", "ಆದಕಾರಣ ಈ ಮೂಲಕ ತಿಳಿಸುವುದೇನೆಂದರೆ". ನಾಲ್ಕನೇ ಕಂಡಿಕೆಯಲ್ಲಿ ಸ್ಟೋರ್ಸನ್ನು ಪ್ರೆಸ್ ಷೆಡ್ಡಿನ ಪಕ್ಕಕ್ಕೆ ತರಬೇಕು ಎಂದಿತ್ತು. ಏಳನೆಯದರಲ್ಲಿ ಮಾಲೀಕರು ಎಲ್ಲ ಚೀಟಿಗೂ ತಾವೇ ಸಹಿ ಮಾಡುವುದನ್ನು ಬಿಡಬೇಕು. ಹನ್ನೊಂದನೆಯದರಲ್ಲಿ ಡ್ರಿಲ್ ಬಿಟ್ಟುಗಳಿಗೆ ಸಾಣೆ ಹಿಡಿಯಲು ಒಬ್ಬನನ್ನು ನೇಮಿಸಬೇಕು. ಯಾರು ಹೇಳಿದರೆಂದು ಎಲ್ಲೂ ಬರೆಯಲಿಲ್ಲ. ಎಲ್ಲವನ್ನೂ ನಾನೇ ಕಂಡದ್ದೆಂದು ಬರೆದೆ. ಆ ಎಂಟು ದಿನದ ಪರೀಕ್ಷೆಯಿಂದ ಅದೊಂದು ಉಪಯೋಗವಾಯಿತು.

ಹೆಂಡತಿ ಓದಿ ನೋಡಿದಳು. "ಚೆನ್ನಾಗಿದೆ. ಆದ್ರೆ ಕೊನೇಲಿ ಎಷ್ಟು ವರ್ಷ ಶಿಕ್ಷೆ ಅಂತ ಬರೆದಿಲ್ಲ."

ಬದಲಿಸಿ ಬರೆಯಲು ಸಮಯವಿರಲಿಲ್ಲ. ಗಡುವಿನ ದಿನ ಕೊಟ್ಟು ಬಂದೆ. ಮಾಲೀಕರು ಮೊದಲ ಹಾಳೆ ನೋಡಿದರು, ಕೊನೆಯ ಹಾಳೆ ನೋಡಿದರು, ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಓದಿ ತಿಳಿಸ್ತೀನಿ ಲಾಯರ್ರೇ. ಅಲ್ಲಿವರೆಗೂ ನೀವು ಬರೋದು ಬೇಡ."

ಒಂದು ವಾರ ಕಳೆಯಿತು. ಎರಡು ವಾರ ಕಳೆಯಿತು. ನಾನು ಮನೆಯಲ್ಲಿ ಕೂತು ಓದದೆ ಬಿಟ್ಟಿದ್ದ ಪುಸ್ತಕಗಳನ್ನು ಓದಿದೆ. ಅಂದರೆ ಅವುಗಳ ಹಾಳೆ ತಿರುವಿದೆ. ಸನ್ನದನ್ನು ಮತ್ತೆ ಊರ್ಜಿತಗೊಳಿಸಲು ಕೋರಿ ಒಂದು ಅರ್ಜಿ ಬರೆದು ಸಹಿ ಮಾಡದೆ ಇಟ್ಟುಕೊಂಡೆ. ಹದಿನಾರನೇ ದಿನ ಅಂಚೆಯವನು ಒಂದು ರಿಜಿಸ್ಟರ್ಡ್ ಲಕೋಟೆ ತಂದ. ಒಪ್ಪಿಗೆಯ ಪತ್ರವನ್ನು ಯಾರೂ ರಿಜಿಸ್ಟರ್ ಮಾಡಿ ಕಳಿಸುವುದಿಲ್ಲ ಎಂಬುದು ಸಹಿ ಹಾಕುವಾಗಲೇ ತಿಳಿಯಿತು.

ಒಳಗೆ ಇದ್ದದ್ದು ಮಲ್ಲೇಶ್ವರದ ಒಬ್ಬ ವಕೀಲರ ನೋಟೀಸು. ಒಂಬತ್ತು ಹಾಳೆ. "ನನ್ನ ಕಕ್ಷಿದಾರರ ಸೂಚನೆಯ ಮೇರೆಗೆ, ತಾವು ಸಲ್ಲಿಸಿರುವ ವರದಿಗೆ ಕಂಡಿಕೆವಾರು ಉತ್ತರ" ಎಂದು ಶುರುವಾಗಿತ್ತು. ಹೆಂಡತಿ ಬಾಗಿಲಿಗೆ ಒರಗಿ ನಿಂತಳು. ನಾನು ಜೋರಾಗಿ ಓದಿದೆ.

"ಕಂಡಿಕೆ ನಾಲ್ಕು. ಸ್ಟೋರ್ಸು ದೂರದಲ್ಲಿದೆ ಎಂಬುದನ್ನು ಅಲ್ಲಗಳೆಯಲಾಗಿದೆ. ಸ್ಟೋರ್ಸು ಇರಬೇಕಾದ ಸ್ಥಳದಲ್ಲಿಯೇ ಇರುತ್ತದೆ. ದೂರದಲ್ಲಿರುವುದು ಪ್ರೆಸ್ ಷೆಡ್ಡು.

"ಕಂಡಿಕೆ ಏಳು. ನನ್ನ ಕಕ್ಷಿದಾರರು ಪ್ರತಿ ಚೀಟಿಗೂ ಸಹಿ ಮಾಡುವುದು ಯಾರ ಮೇಲಿನ ಅನುಮಾನದಿಂದಲೂ ಅಲ್ಲ. ಅನುಮಾನವಿದ್ದಿದ್ದರೆ ಚೀಟಿಯನ್ನೇ ಕೊಡುತ್ತಿರಲಿಲ್ಲ.

"ಕಂಡಿಕೆ ಹನ್ನೊಂದು. ಡ್ರಿಲ್ ಬಿಟ್ಟುಗಳು ಮೊಂಡಾಗಿವೆ ಎಂಬುದನ್ನು ತಾವು ಕಟ್ಟುನಿಟ್ಟಾಗಿ ರುಜುವಾತುಪಡಿಸತಕ್ಕದ್ದು. ಸದರಿ ಬಿಟ್ಟುಗಳನ್ನು ತಾವು ಯಾರ ಅಪ್ಪಣೆಯಿಂದ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದಿರಿ ಎಂಬುದನ್ನೂ ತಿಳಿಸತಕ್ಕದ್ದು."

ಹೀಗೆ ಇಪ್ಪತ್ತೆರಡೂ. ಒಂದನ್ನೂ ಬಿಟ್ಟಿರಲಿಲ್ಲ. ಬಹಳ ಒಳ್ಳೆಯ ಡ್ರಾಫ್ಟು. ನಾನೇ ಬರೆದಿದ್ದ ಹಾಗಿತ್ತು. ಕೊನೆಯ ಹಾಳೆಗೆ ಬಂದಾಗ ನನ್ನ ದನಿ ಸ್ವಲ್ಪ ಇಳಿದಿತ್ತು.

"ಮೇಲ್ಕಂಡ ಆಕ್ಷೇಪಣೆಗಳಿಗೆ ಯಾವುದೇ ಬಾಧಕವಿಲ್ಲದಂತೆ ತಿಳಿಸುವುದೇನೆಂದರೆ, ನನ್ನ ಕಕ್ಷಿದಾರರು ಕಳೆದ ಸೋಮವಾರದಿಂದ ಸ್ಟೋರ್ಸನ್ನು ಪ್ರೆಸ್ ಷೆಡ್ಡಿನ ಪಕ್ಕಕ್ಕೆ ಸಾಗಿಸಿರುತ್ತಾರೆ. ಚೀಟಿಗೆ ಸಹಿ ಮಾಡುವ ಅಧಿಕಾರವನ್ನು ಸ್ಟೋರ್ ಕೀಪರಿಗೆ ಕೊಟ್ಟಿರುತ್ತಾರೆ. ಸಾಣೆಗೆ ಒಬ್ಬನನ್ನು ನೇಮಿಸಿರುತ್ತಾರೆ. ಇದರಿಂದ ಕೆಲಸ ಬೇಗ ಆಗುತ್ತಿರುವುದು ಕಂಡುಬಂದಿರುತ್ತದೆ. ಆದರೆ ಇದರಿಂದ ನನ್ನ ಕಕ್ಷಿದಾರರು ಸದರಿ ವರದಿಯನ್ನು ಒಪ್ಪಿಕೊಂಡಂತೆ ಭಾವಿಸತಕ್ಕದ್ದಲ್ಲ. ಉಳಿದ ಹತ್ತೊಂಬತ್ತು ಕಂಡಿಕೆಗಳು ಸುಳ್ಳೆಂದು ತಮಗೆ ತೋರಿಸಿಕೊಡುವ ಸಲುವಾಗಿ, ತಾವು ಇನ್ನೊಂದು ವರ್ಷ ಇದೇ ಸಂಭಾವನೆಯ ಮೇಲೆ ಕಾರ್ಖಾನೆಗೆ ಹಾಜರಾಗತಕ್ಕದ್ದು."

ನಾನು ಓದುವುದನ್ನು ನಿಲ್ಲಿಸಿದೆ. ಹೆಂಡತಿ ಕೇಳಿದಳು: "ಈಗ ಕೆಲಸ ಸಿಕ್ತೋ, ಕೇಸು ಬಿತ್ತೋ?"

ಅದನ್ನು ತಿಳಿದುಕೊಳ್ಳಲು ಮರುದಿನ ಬೆಳಿಗ್ಗೆ ಪೀಣ್ಯದ ಬಸ್ ಹತ್ತಿದೆ. ಮಾಲೀಕರು ಕೋಣೆಯಲ್ಲಿದ್ದರು. ಮೇಜಿನ ಮೇಲಿನ ಕಾಗದಗಳನ್ನು ಬೋರಲು ಹಾಕಲಿಲ್ಲ, ಕೈ ಮಾತ್ರ ಅಡ್ಡ ಇಟ್ಟರು. ಇದು ದೊಡ್ಡ ಬದಲಾವಣೆ.

"ನೋಟೀಸು ಬಂತಾ ಲಾಯರ್ರೇ? ಬೇಜಾರಾಯ್ತಾ?"

"ಬೇಜಾರಿಲ್ಲ ಸಾರ್. ಆದರೆ ಒಂದು ಮಾತು ಬಾಯಲ್ಲೇ ಹೇಳಬಹುದಿತ್ತು."

"ನಿಮ್ಮ ಕಾಗದ ನಮ್ಮ ವಕೀಲರಿಗೆ ತೋರಿಸ್ದೆ. ಇಂಥಾ ಕಾಗದಕ್ಕೆ ಹದಿನೈದು ದಿನದಲ್ಲಿ ಉತ್ತರ ಕೊಡದಿದ್ರೆ ಎಲ್ಲಾ ಒಪ್ಪಿಕೊಂಡ ಹಾಗೆ ಆಗುತ್ತೆ ಅಂದ್ರು. ನಾನ್ಯಾಕೆ ಒಪ್ಕೊಳ್ಳಲಿ?"

"ಸರಿ. ಒಪ್ಪಿಲ್ಲ ಅಂದಮೇಲೆ ಇನ್ನೊಂದು ವರ್ಷ ನನ್ನನ್ನ ಯಾಕೆ ಇಟ್ಕೋತೀರಿ?"

"ವಕೀಲರೂ ಇದೇ ಕೇಳಿದ್ರು. ಇಷ್ಟೊಂದು ತಪ್ಪು ಬರೆದ ಮನುಷ್ಯ, ಕಳಿಸಿಬಿಡಿ ಅಂದ್ರು."

"ನೀವೇನಂದ್ರಿ?"

ಮಾಲೀಕರು ಎದ್ದುಹೋಗಿ ಕಿಟಕಿ ಮುಚ್ಚಿದರು. ಕಾಂಪೌಂಡಿನ ಆಚೆ, ಇವರ ಹಾಗೆಯೇ ಸ್ಟಾರ್ಟರ್ ಮಾಡುವ ಇನ್ನೊಬ್ಬರ ಷೆಡ್ಡು ಇತ್ತು. ವಾಪಸು ಬಂದು, ದನಿ ತಗ್ಗಿಸಿ ಹೇಳಿದರು:

"ಕಳಿಸಿಬಿಟ್ರೆ ಈ ತಪ್ಪನ್ನೆಲ್ಲಾ ಪಕ್ಕದವನಿಗೆ ಹೋಗಿ ಹೇಳ್ಕೊಟ್ಬಿಡ್ತಾರಲ್ಲಾ, ಅಂದೆ."